ಕೆಂಚಮ್ಮನ ಜಡೆ, ಕುದುರೆಯ ಬಾಲ

ಆಗ ಜಗತ್ತು ಇನ್ನೂ ಹೊಸದು. ಎಷ್ಟು ಹೊಸದು ಅಂದರೆ, ಬೆಟ್ಟಗಳಿಗೆ ತಾವು ಕೂತ ಜಾಗವೇ ಒಗ್ಗಿರಲಿಲ್ಲ, ಆಗಾಗ ಮಗ್ಗುಲು ಬದಲಿಸುತ್ತಿದ್ದವು. ನದಿಗಳು ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಸಮುದ್ರದ ದಾರಿ ಯಾವ ಕಡೆ ಎಂದು ಕೇಳುತ್ತಿದ್ದವು. ಗಾಳಿ ಆಗತಾನೇ ಓಡುವುದನ್ನು ಕಲಿತಿತ್ತು. ಕಲಿತ ಮೇಲೆ ಕೇಳಬೇಕೆ, ಕೂರಿಸಿದರೂ ಕೂರುತ್ತಿರಲಿಲ್ಲ.

ಓಡುವುದಕ್ಕೆ ಗಾಳಿಗೆ ಜೊತೆ ಬೇಕಿತ್ತು. ಆಮೆಯನ್ನು ಕರೆಯಿತು, ಆಮೆ ಆಮೇಲೆ ಬರುತ್ತೇನೆ ಎಂದಿತು. ಆನೆಯನ್ನು ಕರೆಯಿತು, ಆನೆಗೆ ಸ್ನಾನದ ಹೊತ್ತು. ಕೊನೆಗೆ ಒಪ್ಪಿದ್ದು ಕುದುರೆಗಳು. ದಿನಾ ಬೆಳಗ್ಗೆ ಗಾಳಿ ಬಡಗಣ ಬೆಟ್ಟದಿಂದ ಇಳಿದು ಬರುವುದು, ಕುದುರೆಗಳು ಹುಲ್ಲುಗಾವಲಿನಲ್ಲಿ ಸಾಲಾಗಿ ನಿಂತು ಅದಕ್ಕೆ ಮುಖ ಕೊಡುವುದು, ಆಮೇಲೆ ಎಲ್ಲ ಸೇರಿ ಓಟವೋ ಓಟ. ಬಂದವರಿಗೆ ಬೆನ್ನು ತೋರಿಸಬಾರದು ಎನ್ನುವುದು ಕುದುರೆಗಳ ಮರ್ಯಾದೆ. ಗಾಳಿ ಬಂತೆಂದರೆ ತಲೆಯೆತ್ತಿ, ಎದೆ ಕೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ನಿಲ್ಲಲೇಬೇಕು.

ಆ ಕಾಲದ ಕುದುರೆ ನೋಡಲು ಹೆಚ್ಚು ಕಡಿಮೆ ಇವತ್ತಿನ ಕುದುರೆಯ ಹಾಗೇ ಇತ್ತು, ಬಾಲ ಒಂದನ್ನು ಬಿಟ್ಟು. ಬಾಲ ಮಾತ್ರ ಕತ್ತೆಯದು. ಬೋಳು ಹಗ್ಗ, ತುದಿಯಲ್ಲೊಂದು ಕುಚ್ಚು. ಕುದುರೆಗಳಿಗೆ ಅದರ ಬಗ್ಗೆ ಚಿಂತೆ ಇರಲಿಲ್ಲ. ಹಿಂದಕ್ಕೆ ತಿರುಗಿ ನೋಡುವ ಅಭ್ಯಾಸವಿದ್ದರೆ ತಾನೇ?

ಆ ಹುಲ್ಲುಗಾವಲಿನ ಅಂಚಿನಲ್ಲಿ ಕೆಂಚಮ್ಮ, ಅವಳ ಗಂಡ ಬೊಮ್ಮಣ್ಣ ಇಬ್ಬರೇ ಇದ್ದರು. ಕುದುರೆಗಳನ್ನು ಅವರು ಕಟ್ಟುತ್ತಿರಲಿಲ್ಲ. ಸಂಜೆಯಾದರೆ ಅವೇ ಬಂದು ಬಾನಿಯಲ್ಲಿ ನೀರು ಕುಡಿದು, ಕೆಂಚಮ್ಮನ ಅಂಗೈಯಿಂದ ಉಪ್ಪು ನೆಕ್ಕಿ, ಹಿಂದಿನ ಗವಿಯಲ್ಲಿ ಮಲಗುತ್ತಿದ್ದವು. ಅವಳ ಬಾಯಿ ಜೋರು. ಎಲ್ಲರನ್ನೂ ಬೈಯುತ್ತಿದ್ದಳು, ಹೆಚ್ಚು ಪ್ರೀತಿ ಇದ್ದವರನ್ನು ಹೆಚ್ಚಾಗಿ ಬೈಯುತ್ತಿದ್ದಳು.

ಕೆಂಚಮ್ಮನಿಗೆ ಒಂದೇ ಒಂದು ಜಂಬ, ಅವಳ ಕೂದಲು. ಬಿಚ್ಚಿದರೆ ಮಂಡಿ ದಾಟುತ್ತಿತ್ತು. ತಲೆಗೆ ಎರೆದುಕೊಂಡ ದಿನ ಬಂಡೆಯ ಮೇಲೆ ಹರಡಿಕೊಂಡು ಕೂರುವಳು, ಗಾಳಿ ಓಟ ಮುಗಿಸಿ ಬಂದು ಒಂದೊಂದೇ ಎಳೆ ಬಿಡಿಸಿ ಒಣಗಿಸಿ ಕೊಡುವುದು. ಇವಳ ಜಡೆಗೇ ಬೇರೆ ಗುಡಿಸಲು ಕಟ್ಟಬೇಕು ಎಂದು ಬೊಮ್ಮಣ್ಣ ಛೇಡಿಸುತ್ತಿದ್ದ. ಕಟ್ಟು ನೋಡೋಣ ಎಂದು ಅವಳೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಜಗತ್ತಿಗೆ ಮೊದಲ ಚಳಿಗಾಲ ಬಂತು.

ಚಳಿಗಾಲ ಅಂದರೇನು ಅಂತ ಯಾರಿಗೆ ಗೊತ್ತು? ಒಂದು ಬೆಳಗ್ಗೆ ಗಾಳಿ ಎಂದಿನಂತೆ ಬೆಟ್ಟ ಇಳಿಯಿತು, ಆದರೆ ಹೆಗಲ ಮೇಲೆ ಏನೋ ಹೊತ್ತು ತಂದಿತ್ತು. ಬೆಳ್ಳಗೆ, ಹಗುರಾಗಿ, ಸದ್ದಿಲ್ಲದೆ ಅದು ಎಲ್ಲದರ ಮೇಲೂ ಕೂತಿತು. ಅದರ ಹೆಸರು ಹಿಮ ಎಂದು ಗಾಳಿಯೇ ಪರಿಚಯ ಮಾಡಿಕೊಟ್ಟಿತು. ಕುದುರೆಗಳಿಗೆ ಖುಷಿಯೋ ಖುಷಿ. ಕುಣಿದವು, ಉರುಳಾಡಿದವು, ಮೂಗಿನ ಮೇಲೆ ಕೂತದ್ದನ್ನು ನಾಲಿಗೆಯಿಂದ ಹಿಡಿದವು.

ಕೆಂಚಮ್ಮನಿಗೆ ಮಾತ್ರ ಖುಷಿಯಾಗಲಿಲ್ಲ. ಬೂದಿ ಎಂಬ ಬೂದು ಬಣ್ಣದ ಹೆಣ್ಣು ಕುದುರೆ ಆಗತಾನೇ ಮರಿ ಹಾಕಿತ್ತು. ಮರಿಯ ಹೆಸರು ಕಿಡಿ. ಹುಟ್ಟಬಾರದ ಹೊತ್ತಿನಲ್ಲಿ ಹುಟ್ಟಿದ ಮರಿ, ಕಾಲು ಇನ್ನೂ ಗಟ್ಟಿಯಾಗಿರಲಿಲ್ಲ. ಈ ಚಳಿ ಕಿಡಿಯನ್ನು ತೆಗೆದುಕೊಂಡು ಹೋಗುತ್ತದೆ ಎಂದು ಅವಳು ಹೆದರಿದಳು.

ಅವಳು ಸುಮ್ಮನಿರುವ ಹೆಂಗಸಲ್ಲ. ಕುದುರೆಗಳನ್ನೆಲ್ಲ ಗವಿಗೆ ಅಟ್ಟಿ, ಗವಿಯ ಬಾಯಿಗೆ ಕಲ್ಲು ಪೇರಿಸಿ, ಸಂದುಗಳಿಗೆಲ್ಲ ಮಣ್ಣು ಮೆತ್ತಿ, ಇರುವೆಗೂ ದಾರಿ ಇಲ್ಲದಂತೆ ಮಾಡಿದಳು. ಮಾಡಿ ಕೈ ಕೊಡವಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿಂದ ಕೆಮ್ಮು ಕೇಳಿಸಿತು. ಒಂದು ಕೆಮ್ಮಿತು, ಎರಡು ಕೆಮ್ಮಿದವು, ಆಮೇಲೆ ಇಡೀ ಗವಿಯೇ ಕೆಮ್ಮಿತು. ಕಲ್ಲು ಸರಿಸಿ ನೋಡಿದರೆ ಉಸಿರಿನ ಹಬೆ ಮೇಲಿಂದ ತೊಟ್ಟಿಕ್ಕಿ ಕುದುರೆಗಳೆಲ್ಲ ಒದ್ದೆಮುದ್ದೆ. ಚಳಿ ಹೇಗೋ ತಡೆದುಕೊಳ್ಳಬಹುದು, ಈ ಉಬ್ಬೆ ಆಗುವುದಿಲ್ಲ, ನಮಗೆ ಉಸಿರಾಡಲು ಬಿಡು ಎಂದು ಬೂದಿ ಬೇಡಿಕೊಂಡಿತು. ಕೆಂಚಮ್ಮ ತನ್ನನ್ನೇ ಬೈದುಕೊಳ್ಳುತ್ತ ಕಲ್ಲು ತೆಗೆದಳು.

ಗವಿ ಬೇಡವಾದರೆ ಬೇಡ, ಪೊರಕೆ ಇದೆಯಲ್ಲ! ಕುದುರೆಗಳ ಬೆನ್ನ ಮೇಲೆ ಹಿಮ ಕೂತದ್ದೇ ತಡ, ಓಡಿ ಹೋಗಿ ಗುಡಿಸಿದಳು. ಒಂದರ ಬೆನ್ನು ಗುಡಿಸುವಷ್ಟರಲ್ಲಿ ಇನ್ನೊಂದರ ಮೇಲೆ ಕೂತಿರುತ್ತಿತ್ತು. ಇದನ್ನು ಗುಡಿಸಿದರೆ ಅದು, ಅದನ್ನು ಗುಡಿಸಿದರೆ ಇದು. ಅವಳು ಬೆವೆತಳು, ಕುದುರೆಗಳು ನಡುಗಿದವು. ಅವಳು ಗುಡಿಸಿದಷ್ಟೂ ಅವು ಹೆಚ್ಚು ನಡುಗಿದವು.

ಕೊನೆಗೆ ಬೂದಿಯ ಬೆನ್ನ ಮೇಲಿನ ಹಿಮಕ್ಕೇ ಕನಿಕರ ಬಂತು. ಅದು ಮೆಲ್ಲಗೆ ಹೇಳಿತು, "ಕೆಂಚಮ್ಮ, ನಾನು ಕೂತು ಎಷ್ಟು ಹೊತ್ತಾಯ್ತು, ಕರಗಿದೀನಾ ನೋಡು. ಇಲ್ಲ ತಾನೇ? ಒಳಗಿನ ಬಿಸಿ ಒಳಗೇ ಇದೆ ಅಂತ ಅರ್ಥ. ಇವಳ ರೋಮ ನಿಗುರಿ ನಿಂತಿದೆ, ಅದರ ಮೇಲೆ ನಾನು ಹೊದಿಕೆ. ಹೊದ್ದು ಮಲಗಿದ ಮಕ್ಕಳ ಕಂಬಳಿ ಯಾರಾದ್ರೂ ಎಳೀತಾರಾ?"

ಕೆಂಚಮ್ಮ ಪೊರಕೆಯನ್ನು ಹಿಂದೆ ಬಚ್ಚಿಟ್ಟುಕೊಂಡಳು. ಬೊಮ್ಮಣ್ಣ ನಗಲಿಲ್ಲ, ಅಷ್ಟು ಬುದ್ಧಿ ಅವನಿಗಿತ್ತು. ಬಾನಿಯ ನೀರು ಕಲ್ಲಾಗಿತ್ತು, ಕುದುರೆಗಳು ಬಾಯಾರಿ ನಿಂತಿದ್ದವು. ಅವನು ಒಲೆಯಲ್ಲಿ ಗುಂಡುಕಲ್ಲು ಕಾಯಿಸಿ ತಂದು ಬಾನಿಗೆ ಹಾಕಿದ. ಚುಯ್ ಎಂದು ಹಬೆಯೆದ್ದು ನೀರು ಬೆಚ್ಚಗಾಯಿತು. ಒಣಹುಲ್ಲನ್ನು ಕೇಳಿದ್ದಕ್ಕಿಂತ ಹೆಚ್ಚು ಹಾಕಿದರು. ಕುದುರೆಗಳು ಅಗಿದವು, ಅಗಿದ ಹುಲ್ಲು ಹೊಟ್ಟೆಯೊಳಗೆ ಸಣ್ಣ ಒಲೆ ಹೊತ್ತಿಸಿತು. ನಡುಕ ನಿಂತಿತು. ಕಿಡಿ ಅಮ್ಮನ ಹಾಲು ಕುಡಿದು ಕೆಂಚಮ್ಮನ ಸೆರಗನ್ನೂ ಒಂದಿಷ್ಟು ಚೀಪಿತು. ಅವಳಿಗೆ ಉಸಿರು ಬಂತು.

ಆದರೆ ಚಳಿಗಾಲ ಇನ್ನೂ ತನ್ನ ನಿಜವಾದ ಆಟ ತೋರಿಸಿರಲಿಲ್ಲ.

ಒಂದು ಮಧ್ಯಾಹ್ನ ಬಡಗಣ ಬೆಟ್ಟ ಕಾಣದೆ ಹೋಯಿತು. ಆಕಾಶ ಕಾಣದೆ ಹೋಯಿತು. ಬೆಟ್ಟದ ನೆತ್ತಿಯಿಂದ ಗಾಳಿ ಹೊರಟೇಬಿಟ್ಟಿತು, ಹಿಂದೆಂದೂ ಓಡದ ಹಾಗೆ, ಕೂಗುತ್ತ, ಸಿಳ್ಳೆ ಹಾಕುತ್ತ, ಬೆಟ್ಟದಷ್ಟು ಹಿಮವನ್ನು ಬಾಚಿಕೊಂಡು. ಗೆಳೆಯ ಬಂದ ಎಂದು ಕುದುರೆಗಳು ಗವಿಯಿಂದ ಹೊರಗೆ ಓಡಿ ಹುಲ್ಲುಗಾವಲಿನಲ್ಲಿ ಸಾಲಾಗಿ ನಿಂತವು. ಹೋಗಬೇಡಿ ಎಂದು ಕೆಂಚಮ್ಮ ಅರಚಿದ್ದು ಯಾರಿಗೂ ಕೇಳಿಸಲಿಲ್ಲ.

ಗಾಳಿ ಬಂದು ಅಪ್ಪಳಿಸಿತು. ಕುದುರೆಗಳು ಅಲುಗಲಿಲ್ಲ. ಹಿಮ ಕಣ್ಣಿಗೆ ಹೊಕ್ಕಿತು, ಮೂಗಿಗೆ ಹೊಕ್ಕಿತು, ಎದೆ ಮರಗಟ್ಟಿತು. ಆದರೂ ತಲೆಯೆತ್ತಿ ನಿಂತವು. ಬೂದಿ ಎಲ್ಲರಿಗಿಂತ ಮುಂದೆ ನಿಂತಿತ್ತು.

ಅದರ ಬೆನ್ನ ಹಿಂದೆ ಕಿಡಿ ಇತ್ತು. ಗಾಳಿ ಒಂದು ಸಲ ನೂಕಿತು, ಕಿಡಿ ಮುಗ್ಗರಿಸಿತು. ಇನ್ನೊಂದು ಸಲ ನೂಕಿತು, ಹತ್ತು ಮಾರು ಜಾರಿತು. ಮರಿ ಕೂಗಿದ ಸದ್ದನ್ನು ಗಾಳಿ ಬೇರೆ ಕಡೆಗೆ ಹೊತ್ತುಕೊಂಡು ಹೋಯಿತು. ಹುಲ್ಲುಗಾವಲು ತೆಂಕಣಕ್ಕೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಕಮರಿ. ಬೂದಿಗೆ ಏನೂ ಗೊತ್ತಿಲ್ಲ. ಕುದುರೆಗಳು ಹಿಂದಕ್ಕೆ ನೋಡುವುದಿಲ್ಲವಲ್ಲ!

ಕಂಡದ್ದು ಕೆಂಚಮ್ಮನಿಗೆ. ಹುಲ್ಲು ಕೊಯ್ಯುವ ಕುಡುಗೋಲು ಸೊಂಟದಲ್ಲೇ ಇತ್ತು, ಕಾಲಿಗೆ ಏನೂ ಇರಲಿಲ್ಲ. ಹಾಗೇ ಓಡಿದಳು. ಬಿದ್ದಳು, ಎದ್ದಳು, ಜಾರಿದಳು, ಉರುಳಿದಳು, ಕಮರಿಯ ಅಂಚಿನಲ್ಲಿ ಕಿಡಿಯ ಹಿಂಗಾಲನ್ನು ಹಿಡಿದೇಬಿಟ್ಟಳು. ಮರಿಯನ್ನು ಎದೆಗೆ ಅವಚಿಕೊಂಡು ಮೊಣಕಾಲ ಮೇಲೆ ತೆವಳುತ್ತ ಇಳಿಜಾರು ಹತ್ತಿದಳು. ಬೂದಿಯ ಬಳಿ ಬರುವ ಹೊತ್ತಿಗೆ ಕಿಡಿ ಕೂಗುವುದನ್ನೂ ನಿಲ್ಲಿಸಿತ್ತು.

"ಬೂದಿ, ತಿರುಗು," ಎಂದಳು.

"ಆಗಲ್ಲ ಕಣಮ್ಮ," ಎಂದಿತು ಬೂದಿ, ಮುಖ ತಿರುಗಿಸದೆ. "ಬಂದವರಿಗೆ ಬೆನ್ನು ತೋರ್ಸೋದು ನಮ್ಮ ಕುಲದಲ್ಲೇ ಇಲ್ಲ."

ಕೆಂಚಮ್ಮನಿಗೆ ಎಲ್ಲಿತ್ತೋ ಸಿಟ್ಟು. "ಹೆತ್ತ ಮಗೂಗೆ ಬೆನ್ನು ತೋರ್ಸೋದು ಇದೆಯೇನೇ ನಿಮ್ಮ ಕುಲದಲ್ಲಿ?"

ಬೂದಿ ತಿರುಗಿತು.

ಜಗತ್ತು ಹುಟ್ಟಿದ ಮೇಲೆ ಕುದುರೆಯೊಂದು ಗಾಳಿಗೆ ಬೆನ್ನು ಕೊಟ್ಟದ್ದು ಅದೇ ಮೊದಲು. ತಿರುಗಿ ನೋಡಿದರೆ ಕೆಂಚಮ್ಮನ ತೋಳಿನಲ್ಲಿ ಕಿಡಿ ಜೋತು ಬಿದ್ದಿದೆ, ರೆಪ್ಪೆಯ ಮೇಲೆಲ್ಲ ಹಿಮ. ಬೂದಿ ತಲೆ ತಗ್ಗಿಸಿ ಮರಿಯನ್ನು ತನ್ನ ಗಲ್ಲದ ಕೆಳಗೆ ಎಳೆದುಕೊಂಡಿತು. ಮೂಗಿನಿಂದ ಬಿಸಿ ಉಸಿರು ಬಿಟ್ಟಿತು, ಮತ್ತೆ ಬಿಟ್ಟಿತು. ತಗ್ಗಿದ ತಲೆಯ ಕೆಳಗೆ, ಆ ದೊಡ್ಡ ಮೈಯ ಮರೆಯಲ್ಲಿ, ಗಾಳಿ ಇರಲಿಲ್ಲ. ಕಿಡಿಯ ಕಿವಿ ಒಂದು ಸಲ ಅಲುಗಿತು.

ಅದನ್ನು ನೋಡಿ ಪಕ್ಕದ ಕುದುರೆ ತಿರುಗಿತು. ಅದರ ಪಕ್ಕದ್ದು ತಿರುಗಿತು. ಒಂದಕ್ಕೊಂದು ಮೈ ತಾಗಿಸಿಕೊಂಡು, ತಲೆ ತಗ್ಗಿಸಿಕೊಂಡು, ಎಲ್ಲವೂ ಗಾಳಿಗೆ ಬೆನ್ನು ಹಾಕಿ ನಿಂತವು.

ಆದರೆ ಬೂದಿಯ ಹಿಂಗಾಲು ಕುಸಿಯತೊಡಗಿತು. ಬಾಲದ ಬುಡದಲ್ಲಿ, ತೊಡೆಯ ಸಂದಿನಲ್ಲಿ ಚರ್ಮ ತೆಳು. ಆ ಬೋಳು ಹಗ್ಗದಂಥ ಬಾಲ ಏನನ್ನು ತಾನೇ ಮುಚ್ಚೀತು? ಚಳಿ ಅಲ್ಲೇ ಕಚ್ಚಿ ಹಿಡಿಯಿತು. ಬೂದಿ ಕುಸಿದರೆ ಕಿಡಿ ಅಡಿಯಲ್ಲಿ. ಬೂದಿ ತಿರುಗಿದರೆ ಕಿಡಿ ಮತ್ತೆ ಗಾಳಿಗೆ. ಕೆಂಚಮ್ಮ ಅತ್ತ ನೋಡಿದಳು, ಇತ್ತ ನೋಡಿದಳು. ಉಟ್ಟ ಸೆರಗು ಹಿಮದಲ್ಲಿ ನೆನೆದು ಕಲ್ಲಾಗಿತ್ತು, ಮುಚ್ಚಲು ಬೇರೆ ಒಂದು ತುಂಡು ಬಟ್ಟೆಯಿಲ್ಲ, ಹಿಡಿ ಹುಲ್ಲಿಲ್ಲ.

ಅವಳ ಕೈ ಜಡೆಯ ಮೇಲೆ ಹೋಯಿತು.

ಅವಳು ಯೋಚನೆ ಮಾಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಗಳಿಗೆ ಮಾಡಿದಳು. ಅಷ್ಟೂ ವರ್ಷ ಎರೆದು, ಬಾಚಿ, ಹೆಣೆದ ಕೂದಲು. ಆಮೇಲೆ ಕುಡುಗೋಲು ತೆಗೆದು ಬುಡದಲ್ಲೇ ಕೊಯ್ದಳು. ಹೆಣಿಗೆ ಬಿಚ್ಚಿ, ಬೂದಿಯ ಬಾಲಕ್ಕೆ ಬುಡದಿಂದ ತುದಿಯವರೆಗೆ ಸುತ್ತಿ ಸುತ್ತಿ ಕಟ್ಟಿದಳು. ಅದು ಪರದೆಯಂತೆ ಇಳಿಬಿದ್ದು ತೊಡೆಯ ಸಂದನ್ನೆಲ್ಲ ಮುಚ್ಚಿತು. ಬೂದಿಯ ಕಾಲು ಗಟ್ಟಿಯಾಯಿತು.

ಆಗ ಗಾಳಿಗೆ ಗೊತ್ತಾಯಿತು. ಸಾಲು ಸಾಲು ಬೆನ್ನು! ಗಾಳಿಗೆ ಮೈ ಉರಿದುಹೋಯಿತು. ಇಷ್ಟು ದಿನದ ಗೆಳೆತನ ಇಷ್ಟೇನಾ, ನನಗೇ ಬೆನ್ನು ಹಾಕುತ್ತೀಯಾ ಎಂದು ಬೂದಿಯ ಸುತ್ತ ಗಿರ್ರನೆ ಸುತ್ತಿ ಗುಡುಗಿತು.

ಬೂದಿ ತಲೆ ಎತ್ತಲಿಲ್ಲ. "ನಿನಗೆ ಬೆನ್ನು ಹಾಕಿಲ್ಲ ಗಾಳಿಯಣ್ಣ. ನನ್ನ ಮಗೂಗೆ ಮುಖ ಕೊಟ್ಟಿದೀನಿ," ಎಂದಿತು.

ಗಾಳಿ ಏನೋ ಹೇಳಲು ಹೊರಟಿತ್ತು. ಅಷ್ಟರಲ್ಲಿ ಬಾಲದ ಕೂದಲು ಅದರ ಕೈಗೆ ತಾಗಿತು. ಮುಟ್ಟಿದ ಕೂಡಲೇ ಗುರುತು ಸಿಕ್ಕಿತು. ಬಂಡೆಯ ಮೇಲೆ ಒಂದೊಂದೇ ಎಳೆ ಬಿಡಿಸಿ ಒಣಗಿಸಿದ ಕೂದಲಲ್ಲವೇ? ಪಕ್ಕದಲ್ಲಿ ಮೋಟು ತಲೆಯ ಕೆಂಚಮ್ಮ ಚಳಿಗೆ ನೀಲಿಗಟ್ಟಿ ನಿಂತಿದ್ದಳು. ಗಾಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ನಿಲ್ಲೋದು ನನ್ನ ಕೈಲಿಲ್ಲ ಕೆಂಚಮ್ಮ," ಎಂದಿತು. "ಒಂದ್ಸಲ ಓಡೋಕೆ ಶುರು ಮಾಡಿದ್ರೆ ಬೆಟ್ಟ ಇಳಿದು ಮುಗಿಯೋವರೆಗೂ ಓಡ್ಲೇಬೇಕು. ಆದ್ರೆ ನೀನು ಕಟ್ಟಿದ ಗಂಟು ಬಿಚ್ಚಿಕೊಳ್ಳದ ಹಾಗೆ ಮಾಡ್ತೀನಿ."

ಮಾಡಿತು. ಒಂದೊಂದು ಎಳೆಯನ್ನೂ ಬೂದಿಯ ಬಾಲಕ್ಕೆ ಒತ್ತಿ ಒತ್ತಿ ಬೇರೂರಿಸಿತು. ಉಳಿದ ಕೂದಲನ್ನು ಎಳೆ ಎಳೆಯಾಗಿ ಎತ್ತಿಕೊಂಡು ಸಾಲಿನಲ್ಲಿದ್ದ ಕುದುರೆಗಳಿಗೆಲ್ಲ ಹಂಚಿ ನೆಟ್ಟಿತು. ಕಪ್ಪು ಕುದುರೆಗೆ ಕಪ್ಪಾಗಿ, ಕಂದು ಕುದುರೆಗೆ ಕಂದಾಗಿ ಅದು ಬೆಳೆಯಿತು. ಎಷ್ಟು ಕೂದಲು ಅಂದುಕೊಂಡಿರಿ, ಒಂದು ಕುದುರೆಗೂ ಕಡಿಮೆ ಬೀಳಲಿಲ್ಲ.

ಸಂಜೆಗೆ ಬಿರುಗಾಳಿ ಬೆಟ್ಟದಿಂದ ಪೂರಾ ಇಳಿದು ಹೋಯಿತು. ಬೆನ್ನ ಮೇಲೆ ಗೇಣುದ್ದ ಹಿಮ ಹೊದ್ದ ಕುದುರೆಗಳ ನಡುವಿಂದ ಕಿಡಿ ಕಾಲು ಅಡ್ಡಾದಿಡ್ಡಿ ಹಾಕುತ್ತ ಹೊರಗೆ ಬಂದು, ಹಸಿವಾಗಿದೆ ಎಂದು ದೂರು ಹೇಳಿತು. ಕೆಂಚಮ್ಮ ಅದನ್ನು ಅಪ್ಪಿಕೊಂಡು, ಅತ್ತುಕೊಂಡೇ ಚೆನ್ನಾಗಿ ಬೈದಳು. ಬೊಮ್ಮಣ್ಣ ಹುಡುಕಿಕೊಂಡು ಬಂದವನು ಹೆಂಡತಿಯ ತಲೆ ನೋಡಿದ, ಬೂದಿಯ ಬಾಲ ನೋಡಿದ. ತನ್ನ ರುಮಾಲು ಬಿಚ್ಚಿ ಅವಳ ತಲೆಗೆ ಸುತ್ತಿದ.

ಆಮೇಲೆ ಇಬ್ಬರೂ ಸೇರಿ ಕುದುರೆಗಳಿಗೆ ಒಂದು ಕೊಟ್ಟಿಗೆ ಕಟ್ಟಿದರು. ಮೂರು ಕಡೆ ಗೋಡೆ, ಗಾಳಿ ಬಾರದ ಕಡೆ ಬಯಲು. ಒಳಗೆ ಗಾಳಿಯ ಹೊಡೆತವಿಲ್ಲ, ಉಸಿರಿಗೆ ತಡೆಯಿಲ್ಲ.

ಚಳಿಗಾಲ ಕಳೆದು ಬಿಸಿಲು ಬಂದಾಗ ಗಾಳಿ ಮತ್ತೆ ಬಂಡೆಯ ಬಳಿಗೆ ಬಂತು. ಒಣಗಿಸಲು ಕೆಂಚಮ್ಮನ ಕೂದಲು ಬೆರಳುದ್ದವೂ ಇರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ ಹುಲ್ಲುಗಾವಲಿಗೆ ಹೋಗಿ ಕುದುರೆಗಳ ಜೊತೆ ಓಡಿತು, ಓಡುತ್ತ ಓಡುತ್ತ ಅವುಗಳ ಬಾಲವನ್ನು ಒಂದೊಂದೇ ಎಳೆ ಬಿಡಿಸಿ ಹಾರಿಸಿತು. ಕುದುರೆ ಓಡುವಾಗ ಬಾಲ ಹಾಗೆ ಹಾರುವುದು ಅದಕ್ಕೇ. ಕೂದಲನ್ನು ಎತ್ತಿ ಹಿಂದಕ್ಕೆ ಕಟ್ಟಿಕೊಂಡು ಕುದುರೆ ಬಾಲ ಹಾಕಿದ್ದೇನೆ ಎಂದು ಕುಣಿಯುವ ಹುಡುಗಿಯರಿಗೆ ಯಾರಾದರೂ ಹೇಳಬೇಕು, ಅದು ಕುದುರೆ ನಮ್ಮಿಂದ ತೆಗೆದುಕೊಂಡದ್ದು ಎಂದು.

ನಮ್ಮ ಕಡೆ ಹಿಮ ಬೀಳುವುದಿಲ್ಲ, ಆದರೂ ಮುಂದಿನ ಸಲ ಗಾಳಿ ಮಳೆ ಒಟ್ಟಿಗೆ ಬಂದಾಗ ಬೀದಿಯ ಕೊನೆಯ ಜಟಕಾ ಕುದುರೆಯನ್ನು ನೋಡಿ: ಗಾಳಿಗೆ ಬೆನ್ನು ಹಾಕಿ, ಬಾಲ ಒತ್ತಿಕೊಂಡು, ತಲೆ ತಗ್ಗಿಸಿ ನಿಂತಿರುತ್ತದೆ, ಮತ್ತು ಅದರ ಗಲ್ಲದ ಕೆಳಗೆ ಒಂದು ಮರಿ ಹಿಡಿಸುವಷ್ಟು ಜಾಗ ಇವತ್ತಿಗೂ ಒದ್ದೆಯಾಗದೆ ಉಳಿದಿರುತ್ತದೆ.