ಗ್ರೈಂಡರ್ ಮುಂದಿನ ಮಣೆ

ಸ್ವಲ್ಪ ಹತ್ತಿರ ಬನ್ನಿ. ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ಯಾರ ಹತ್ರಾನೂ ಬಾಯಿ ಬಿಡಬಾರದು, ಒಡಹುಟ್ಟಿದವರ ಹತ್ರಾನೂ. ನಾನು ಹೇಳಿದೆ ಅಂತಂತೂ ಬೇಡವೇ ಬೇಡ.

ನಮ್ಮ ಹಿತ್ತಲ ಗೋಡೆಯಾಚೆ ಹೊಳೆ ದಂಡೆಯ ಆಶ್ರಮ. ಅಲ್ಲಿ ಪರ್ವತಯ್ಯ ಅಂತ ಒಬ್ಬರು. ಮೂವತ್ತು ವರ್ಷ ಹುಡುಗರಿಗೆ ಕರೆಂಟಿನ ಕೆಲಸ ಕಲಿಸಿ, ಆಮೇಲೆ ಕಾವಿ ಉಟ್ಟವರು. ವೈರಾಗ್ಯ ಅಂತಾರೆ. ಹೆಂಡತಿ ಕಾಟ ಅಂತ ನನ್ನ ಅಂದಾಜು.

ಅವರ ಹತ್ರ ಕರೆಂಟಿನ ಕೆಲಸ ಕಲಿಯೋಳು ಒಬ್ಬಳು ಶಿಷ್ಯೆ, ಸುನಂದ. ಆಶ್ರಮದ ಅಡುಗೆಯವಳು. ನಲವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿ ಏಣಿ ಹತ್ತೋದು ನೋಡಿ ಬೀದಿಗೆ ಬೀದಿಯೇ ನಕ್ಕಿತು. ಮೊದಲು ನಕ್ಕವಳು ನಾನೇ.

ಆಶ್ರಮಕ್ಕೆ ಹೊಸ ಅಡುಗೆಮನೆ ಎದ್ದಿತ್ತು. ಅದರ ವೈರಿಂಗ್ ತಾನೇ ಮಾಡ್ತೀನಿ ಅಂತ ಸುನಂದ ಪಟ್ಟು ಹಿಡಿದಳು.

ಆಶ್ರಮದ ಹಿರಿಯ ಸ್ವಾಮಿಗಳು ಒಂದು ಮಾತು ಹೇಳಿದರು. ಸೋಮವಾರ ಮುನ್ನೂರು ಜನಕ್ಕೆ ಇಡ್ಲಿ. ಅಷ್ಟರೊಳಗೆ ಪರ್ವತಯ್ಯ ನೋಡಿ ಸರಿ ಅನ್ನಬೇಕು. ಅನ್ನದಿದ್ದರೆ ಪೇಟೆಯಿಂದ ಬೇರೆಯವರನ್ನ ಕರೆಸೋದು. ಸುನಂದ ಇನ್ನು ಸೌಟು ಬಿಟ್ಟು ತಂತಿ ಮುಟ್ಟೋ ಹಾಗಿಲ್ಲ.

ಅಂದಿನಿಂದ ದಿನಾ ಪಾಠ. ಕಿಟಕಿ ಅವರದು, ಕಿವಿ ನನ್ನದು.

"ಗ್ರೈಂಡರು, ಫ್ರಿಜ್ಜು, ನೀರು ಕಾಯಿಸೋದು, ಎಲ್ಲಾ ಒಂದೇ ಲೈನಿಗೆ ಕೊಟ್ಟರೆ ಏನಾಗತ್ತೆ ಗುರುಗಳೇ?"

"ಆ ಮೂರು ಕೊಡ ತುಂಬಿಸಿ ಒಟ್ಟಿಗೆ ಹೊತ್ತು ತಾ."

"ನನ್ನ ಕೈಲಿ ಆಗಲ್ಲ."

"ಹಾಗನ್ನೋಕೆ ತಂತಿಗೆ ಬಾಯಿಲ್ಲ."

ಸುನಂದ ಒಂದೊಂದಕ್ಕೂ ಬೇರೆ ಲೈನು ಎಳೆದಳು.

ಇನ್ನೊಂದು ದಿನ ಕೇಳಿದಳು: "ಸಿಂಕಿಂದ ಎಷ್ಟು ದೂರ ಇಡಲಿ ಪ್ಲಗ್ಗು?"

ಅವರು ಕೈ ತೊಳೀತಾ ಇದ್ದರು. ಒದ್ದೆ ಕೈ ಝಾಡಿಸಿದರು. ಇವಳ ಮುಖಕ್ಕೆಲ್ಲ ಹನಿ.

"ನೀನು ನಿಂತಿರೋ ಕಡೆ ಬೇಡ" ಅಂದರು.

ಸುನಂದ ಮುಖ ಒರೆಸಿಕೊಂಡು ಗೋಡೆಯ ಗುರುತು ಅಳಿಸಿ, ಆಚೆಗೆ ಹಾಕಿದಳು.

ಶನಿವಾರ ಬೆಳಿಗ್ಗೆ ಬಂತು ಕಷ್ಟ. ಎಲ್ಲ ಮುಗಿದಿತ್ತು. ಹಳೆ ಗ್ರೈಂಡರ್ ಹಾಕಿದರೆ ಸಾಕು, ಬೋರ್ಡಿನ ಟ್ರಿಪ್ಪರ್ ಟಪ್ ಅಂತ ಬೀಳೋದು. ಕರೆಂಟು ಎಲ್ಲಾದರೂ ಸೋರಿದರೆ ಅದು ಹಾಗೆ ತಾನಾಗಿ ಬೀಳತ್ತಂತೆ. ಎತ್ತಿದಳು, ಬಿತ್ತು. ಎತ್ತಿದಳು, ಬಿತ್ತು.

ಆಮೇಲೆ ಅವಳು ಏನು ಮಾಡಿದಳೋ, ಅದನ್ನ ನಾವೆಲ್ಲ ಮಾಡಿದ್ದೀವಿ, ಸುಳ್ಳು ಹೇಳಬೇಡಿ. ಗ್ರೈಂಡರಿನ ಅರ್ಥ್ ತಂತಿ ಬಿಚ್ಚಿದಳು. ಟ್ರಿಪ್ಪರ್ ದಾಟಿಸಿ ನೇರ ಕರೆಂಟು ಕೊಟ್ಟಳು. ಆಶ್ರಮದ ಅಡುಗೆಮನೇಲಿ ಚಪ್ಪಲಿ ಮೆಟ್ಟೋ ಹಾಗಿಲ್ಲವಲ್ಲ, ಅದಕ್ಕೆ ಶಾಕ್ ಹೊಡೀದಿರಲಿ ಅಂತ ಗ್ರೈಂಡರ್ ಮುಂದೆ ಒಂದು ಮರದ ಮಣೆ ಎಳೆದುಕೊಂಡಳು.

ಗ್ರೈಂಡರ್ ಗಿರ್ರನೆ ತಿರುಗಿತು.

ಪರ್ವತಯ್ಯ ಬಾಗಿಲಲ್ಲಿ ನಿಂತು ನೋಡಿದರು.

"ಈ ಮಣೆ ಯಾಕಮ್ಮ?"

"ನಿಂತುಕೊಳ್ಳೋಕೆ."

"ನೀನು ನಿಂತರೆ ನಾಳೆ ಹಿಟ್ಟು ಎತ್ತೋಕೆ ಬರೋರು ಎಲ್ಲಿ ನಿಲ್ತಾರೆ?"

"ಹೇಳ್ತೀನಿ ಅವರಿಗೆ, ಮಣೆ ಮೇಲೆ ನಿಂತ್ಕೊಳ್ಳಿ ಅಂತ. ಸೋಮವಾರ ಒಂದು ದಿನ ಕಳೀಲಿ ಗುರುಗಳೇ."

ಅವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಡೆದು ಬಂದು, ತಿರುಗ್ತಿರೋ ಗ್ರೈಂಡರ್ ಕಡೆ ಕೈ ಚಾಚಿದರು.

ಇನ್ನು ನಾಲ್ಕು ಬೆರಳಿನಷ್ಟು ದೂರ. ಸುನಂದ ಹಾರಿ ಬಂದು ಅವರ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಲ್ಲಿ ಸ್ವಿಚ್ ಆರಿಸಿದಳು.

"ಯಾಕೆ ಹಿಡಿದೆ?"

"ಹೊಡೀತಿತ್ತು."

"ಗೊತ್ತಿತ್ತಾ?"

ಅವಳು ತಲೆ ತಗ್ಗಿಸಿದಳು. "ಗೊತ್ತಿತ್ತು."

ಅವರು ಮಣೆ ಎತ್ತಿಕೊಂಡು ಹೊರಟುಹೋದರು. ಸರಿ ಅನ್ನಲಿಲ್ಲ.

ಇತ್ತ ನಾನೇನು ಸುಮ್ಮನಿದ್ದೆನೇ? ಕಾವಿ ಉಟ್ಟವರ ಕೈಯನ್ನ ಅಡುಗೆಯವಳು ಹಾಡುಹಗಲು ಹಿಡಿದದ್ದು. ಹಾಲಿನವಳಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅದು ಸ್ವಾಮಿಗಳ ಕಿವಿಗೂ ಬಿತ್ತು.

ಮಾತು ಸುನಂದಳಿಗೂ ಮುಟ್ಟಿತು. ಅತ್ತು ಗಂಟು ಕಟ್ಟಿ ಹೊರಡ್ತಾಳೆ ಅಂತ ನಾನು ಗೋಡೆ ಹತ್ತಿರವೇ ಕಾದೆ. ಎಲ್ಲಿ ಬಂತು. ಅರ್ಥ್ ತಂತಿ ಮತ್ತೆ ಸೇರಿಸಿದಳು, ಟ್ರಿಪ್ಪರನ್ನ ಮೊದಲಿನ ಹಾಗೇ ಕೂರಿಸಿದಳು. ಗ್ರೈಂಡರ್ ಪ್ಲಗ್ ಕಿತ್ತು, ನೆಲಕ್ಕೆ ಮಲಗಿಸಿ, ತಿರುಪು ತಿರುಪೇ ಬಿಚ್ಚಿದಳು. ಊಟಕ್ಕೆ ಏಳಲಿಲ್ಲ. ಕೊನೆಗೆ ಗ್ರೈಂಡರಿನ ಹೊಟ್ಟೆಯೊಳಗೆ, ತಗಡಿಗೆ ಉಜ್ಜಿ ಸಿಪ್ಪೆ ಸುಲಿದ ಒಂದು ತಂತಿ ಸಿಕ್ಕಿತು. ಅದನ್ನ ತೆಗೆದು ಹೊಸದು ಹಾಕಿದಳು.

ಭಾನುವಾರ ಪರ್ವತಯ್ಯ ಬಂದರು. ಗ್ರೈಂಡರ್ ಹಾಕಿಸಿದರು. ಟ್ರಿಪ್ಪರ್ ಬೀಳಲಿಲ್ಲ. ಬೀಳಬೇಕಾದಾಗ ಬೀಳತ್ತಾ ಅಂತ ಅದರ ಪರೀಕ್ಷೆ ಗುಂಡಿ ಒತ್ತಿದರು. ಟಪ್ ಅಂತ ಬಿತ್ತು. ಎತ್ತಿ, ಮತ್ತೆ ಒತ್ತಿದರು. ಮತ್ತೆ ಬಿತ್ತು.

"ಅಕ್ಕಿ ನೆನೆಹಾಕು" ಅಂದರು.

ಸುನಂದ ಬಾಗಿ ಅವರ ಕಾಲಿಗೆ ನಮಸ್ಕಾರ ಮಾಡಿದಳು.

ನಾನು ಗೋಡೆ ಮೇಲಿಂದ ತಲೆ ತೆಗೆಯೋದರೊಳಗೆ ಪರ್ವತಯ್ಯ ನನ್ನೆದುರೇ ಬಂದು ನಿಂತರು. ಸ್ವಾಮಿಗಳು ಕೇಳಿದ್ದರಂತೆ, ನಿಜವಾ ಅಂತ.

ನಾನ್ಯಾಕೆ ಹೆದರಲಿ. "ಕಂಡದ್ದು ಹೇಳಿದೆ" ಅಂದೆ. "ಅವಳು ನಿಮ್ಮ ಕೈ ಹಿಡಿದಳೋ ಇಲ್ಲವೋ?"

"ಹಿಡಿದಳು ತಾಯಿ" ಅಂದರು ನನ್ನ ಮುಖ ನೋಡಿಕೊಂಡೇ. "ಮೂವತ್ತು ವರ್ಷ ಎಷ್ಟೋ ಶಿಷ್ಯರ ಮುಂದೆ ಹೀಗೇ ಕೈ ಚಾಚಿದ್ದೀನಿ. ಹಿಡಿದವಳು ಇವಳೊಬ್ಬಳೇ."