ಚಕ್ಕಿನಲ್ಲಿ ಮರೆತ ಕೀ

"ಏನೂ ಆಗದೆ ಹೋದ ತಪ್ಪು ತಪ್ಪೇ, ಗುರುಗಳೆ?" ಎಂದು ಶಿಷ್ಯ ಶಾಂತಲಿಂಗ ಕೇಳಿದ.

ಹಿಂದಿನ ದಿನ ಅವನು ಮಠದ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯನ್ನು ಸರಿಯಾಗಿ ಬಂದ್ ಮಾಡದೆ ಹೊರಗೆ ಹೋಗಿದ್ದ. ಉರಿ ಆರಿತ್ತು, ಗ್ಯಾಸ್ ಹರಿಯುತ್ತಲೇ ಇತ್ತು. ಯಾರೋ ವಾಸನೆ ಹಿಡಿದು ಒಳಗೆ ಹೋಗಿ ಕಿಟಕಿ ತೆರೆದಿದ್ದರು. ಸ್ವಲ್ಪ ದಿನ ಅಡುಗೆಮನೆಗೆ ಕಾಲಿಡಬೇಡ ಎಂದು ಗುರುಗಳು ಹೇಳಿದ್ದು ಅವನಿಗೆ ಹೆಚ್ಚಾಯಿತು ಅನ್ನಿಸಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ರಾಣೇಬೆನ್ನೂರಿನ ಕಡೆಯ ಒಂದು ಊರಿನಲ್ಲಿ ಗದಿಗೆಪ್ಪ ಎಂಬ ಪಂಪು ರಿಪೇರಿಯವನಿದ್ದ. ಒಂದು ಹಳೆಯ ಕಾರ್ಖಾನೆ ತನ್ನ ಯಂತ್ರಗಳನ್ನು ಮಾರುವಾಗ ಅವನು ಅಲ್ಲಿಂದ ಒಂದು ಲೇತ್ ತಂದ. ಕಬ್ಬಿಣದ ಸರಳನ್ನು ಕಚ್ಚಿ ಹಿಡಿದು ರಭಸದಿಂದ ತಿರುಗಿಸುವ ಯಂತ್ರ ಅದು. ತಿರುಗುವ ಸರಳಿಗೆ ಉಳಿ ತಾಗಿಸಿದರೆ ಕಬ್ಬಿಣ ಸಿಪ್ಪೆಯಂತೆ ಸುಲಿದು ಬರುತ್ತದೆ.

ಗದಿಗೆಪ್ಪ ಅವಸರದ ಮನುಷ್ಯನಲ್ಲ. ಹಿತ್ತಿಲ ಕೋಣೆಯ ನೆಲ ಅಗೆಸಿ ಕಾಂಕ್ರೀಟ್ ಹಾಕಿಸಿದ. ಅದು ಚೆನ್ನಾಗಿ ಗಟ್ಟಿಯಾಗುವವರೆಗೆ ಕಾದ. ಯಂತ್ರವನ್ನು ಕೂರಿಸಿ, ರಸಮಟ್ಟ ಇಟ್ಟು ಸಮವಿದೆಯೇ ನೋಡಿ, ತಗ್ಗಿದ್ದ ಕಾಲಿನಡಿ ತೆಳು ತಗಡು ಸೇರಿಸಿ, ಬೋಲ್ಟು ಬಿಗಿದು, ಮತ್ತೆ ರಸಮಟ್ಟ ಇಟ್ಟ. ತಿರುಚಿ ನಿಂತ ಲೇತು ನೇರ ಸರಳನ್ನು ಕೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೆಲಸಕ್ಕೆ ನಿಲ್ಲುವ ಮುಂಚೆ ಉಂಗುರ ತೆಗೆದಿಡುತ್ತಿದ್ದ, ತೋಳು ಮಡಚುತ್ತಿದ್ದ, ಹೆಗಲ ಮೇಲಿನ ಟವೆಲನ್ನು ಬಾಗಿಲಿಗೆ ಹಾಕುತ್ತಿದ್ದ, ಕನ್ನಡಕ ಹಾಕಿಕೊಳ್ಳುತ್ತಿದ್ದ. ಕಬ್ಬಿಣದ ಸುರುಳಿಯನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ.

ಅವನ ಹೆಂಡತಿ ನೀಲವ್ವ. ಮದುವೆಯಾಗಿ ಬಹಳ ಕಾಲವಾಗಿದ್ದರೂ ಅವರಿಬ್ಬರ ನಡುವೆ ಮಾತು ಮುಗಿದಿರಲಿಲ್ಲ. ಅವಳು ಕೌದಿ ಹೊಲಿಯುವುದನ್ನು ಹಿಡಿದು ಆ ಕೋಣೆಗೆ ಬರುತ್ತಿದ್ದಳು. ಸೆರಗು ಸಿಕ್ಕೀತೆಂದು ಅವನು ಅವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಯಂತ್ರದ ಆಚೆಗೆ, ಎದುರು ಗೋಡೆಯ ಪಕ್ಕ ಒಂದು ಸ್ಟೂಲು ಹಾಕಿಕೊಟ್ಟ. ಆ ಜಾಗಕ್ಕೆ ಅಪಾಯವಿಲ್ಲವೆಂದು ಅವನ ಲೆಕ್ಕ.

ಸರಳನ್ನು ಕಚ್ಚಿ ಹಿಡಿಯುವ ದವಡೆಗೆ ಚಕ್ ಎನ್ನುತ್ತಾರೆ. ಅದನ್ನು ಬಿಗಿಯಲು ಒಂದು ಕೀ ಇರುತ್ತದೆ, ಅಂಗೈಗಿಂತ ಉದ್ದದ ಉಕ್ಕು. ಬಿಗಿದ ಮೇಲೆ ಅದನ್ನು ತೆಗೆದೇ ಸ್ವಿಚ್ ಹಾಕಬೇಕು.

ಒಂದು ದಿನ ನೀಲವ್ವ ತನ್ನ ತಂಗಿಯ ಮನೆಯ ಮದುವೆ ಮಾತುಕತೆಯ ಸುದ್ದಿ ಹೇಳುತ್ತಿದ್ದಳು. ಗಂಡಿನ ಕಡೆಯ ಒಬ್ಬ ಮುದುಕ ಮಾತುಕತೆಯ ನಡುವೆಯೇ ನಿದ್ದೆಹೋಗಿ, ಎಚ್ಚರವಾದ ಕೂಡಲೇ ಒಪ್ಪಿಗೆ ಎಂದನಂತೆ. ಗದಿಗೆಪ್ಪ ಚಕ್ ಬಿಗಿಯುತ್ತ ನಕ್ಕ. ಅಷ್ಟರಲ್ಲಿ ಹೊರಗೆ ಯಾರೋ ಕರೆದರು. ನೀಲವ್ವ ಎದ್ದು ಹೋದಳು. ಅವನು ಇನ್ನೂ ನಗುತ್ತಲೇ ಸ್ವಿಚ್ ಒತ್ತಿದ.

ಕೀ ಚಕ್ಕಿನಲ್ಲೇ ಇತ್ತು. ಅದು ಯಂತ್ರದ ಮೈಗೆ ಬಡಿದು, ಚಿಮ್ಮಿ, ಸ್ಟೂಲಿನ ಮೇಲಿನ ಗೋಡೆಗೆ ತಾಗಿ ಕೆಳಗೆ ಬಿತ್ತು. ಗಾರೆ ಉದುರಿತು.

"ಏನ್ರೀ ಅದು ಸಪ್ಪಳ?" ಎಂದು ನೀಲವ್ವ ಹೊರಗಿನಿಂದಲೇ ಕೇಳಿದಳು.

"ಬೋಲ್ಟು ಬಿಗಿಯೋ ಪಾನಾ ಬಿತ್ತು" ಎಂದ ಗದಿಗೆಪ್ಪ.

ಅವಳು ಬಂದು ಸ್ಟೂಲಿನ ಮೇಲೆ ಕುಳಿತಳು. ಸೂಜಿಗೆ ದಾರ ಪೋಣಿಸಿ ಬಿಟ್ಟ ಮಾತನ್ನು ಮುಂದುವರಿಸಿದಳು. ಗೋಡೆಯ ಆ ಗಾಯ ಅವಳ ಹಣೆಯ ಮಟ್ಟಕ್ಕೇ ಇತ್ತು. ಗದಿಗೆಪ್ಪ ಸ್ವಿಚ್ಚಿನ ಮೇಲೆ ಕೈ ಇಟ್ಟ. ಒತ್ತಲಾಗಲಿಲ್ಲ. ಕೈ ತೆಗೆದು ನೆಲದ ಮೇಲೆ ಕುಳಿತುಬಿಟ್ಟ.

"ಯಾಕ, ಮೈಯಾಗ ಆರಾಮಿಲ್ಲೇನು?" ಎಂದು ಅವಳು ಎದ್ದು ಬಂದಳು.

ಆಗ ಅವನು ನಿಜ ಹೇಳಿದ. ಬಿದ್ದದ್ದು ಪಾನಾ ಅಲ್ಲ ಎಂದ. ಗೋಡೆ ತೋರಿಸಿದ. ನೀಲವ್ವ ಗೋಡೆಯನ್ನು ನೋಡಿದಳು, ಸ್ಟೂಲನ್ನು ನೋಡಿದಳು. "ಯಾರಿಗೂ ಏನೂ ಆಗಿಲ್ಲಲ್ಲ, ಬಿಡ್ರಿ" ಎಂದಳು. ಆಮೇಲೆ ಹೋಗಿ ಗೋಡೆಯ ಗಾಯವನ್ನು ಬೆರಳಿನಿಂದ ಮುಟ್ಟಿದಳು. "ಮಷಿನ್ ಮಾರಿಬಿಡ್ರಿ" ಎಂದಳು.

"ಮಷಿನ್ ಮಾರಬಹುದು. ಕೀ ಮರೆತ ಕೈ ಯಾರಿಗೆ ಮಾರ್ಲಿ?" ಎಂದ ಗದಿಗೆಪ್ಪ.

ಅವಳು ಕೌದಿಯನ್ನು ಮಡಚಿಕೊಂಡು ಒಳಗೆ ಹೋದಳು. ಆಮೇಲೆ ಆ ಕೋಣೆಗೆ ಬರಲಿಲ್ಲ.

ಗದಿಗೆಪ್ಪ ಬಂದ ಕೆಲಸವನ್ನೆಲ್ಲ ಬೇರೆಯವರಿಗೆ ಕಳಿಸಿದ. ಸ್ಟೂಲಿನ ಮೇಲೆ ತಾನೇ ಕುಳಿತು ಅಲ್ಲಿಂದ ಯಂತ್ರವನ್ನು ನೋಡಿದ. ಆ ಕಡೆಯಿಂದ ಅದನ್ನು ಅವನು ಎಂದೂ ನೋಡಿರಲಿಲ್ಲ. ಚಕ್ ನೇರ ಅವನ ಮುಖದ ಎದುರಿಗೇ ಇತ್ತು. ಮರುದಿನ ಬೋಲ್ಟು ಬಿಚ್ಚಿ ಯಂತ್ರವನ್ನು ಬೇರೆ ದಿಕ್ಕಿಗೆ ಕೂರಿಸಿದ, ರಸಮಟ್ಟದ ಕೆಲಸವನ್ನೆಲ್ಲ ಮೊದಲಿನಿಂದ ಮಾಡಿದ. ಚಕ್ಕಿನ ಹಿಂದೆ ದಪ್ಪ ತಗಡಿನ ಮರೆ ಕಟ್ಟಿದ. ಕೀಯ ತುದಿಗೆ ಸ್ಪ್ರಿಂಗು ಕೂರಿಸಿದ. ಕೈ ಬಿಟ್ಟರೆ ಅದು ತಾನೇ ಹೊರಗೆ ಬೀಳುತ್ತಿತ್ತು. ಅದೂ ಸಾಲದೆಂದು ಗೋಡೆಯಲ್ಲಿ ಕೀಗೆ ಒಂದು ಗೂಡು ಮಾಡಿ, ಕೀ ಅಲ್ಲಿ ಕೂತರೆ ಮಾತ್ರ ಯಂತ್ರಕ್ಕೆ ಕರೆಂಟು ಹೋಗುವಂತೆ ವೈರು ಎಳೆದ.

ಇನ್ನೊಬ್ಬ ಲೇತಿನವನು ಬಂದು ನೋಡಿ ನಕ್ಕ. "ನನ್ನ ಕೀನೂ ಒಂದೆರಡು ಸಲ ಹಾರೇತಿ. ಅದಕ್ಕೆಲ್ಲ ಇಷ್ಟು ಅಂಜಿದರ ಕಸುಬು ಮಾಡಾಕ ಆಕ್ಕೇತೇನು?" ಎಂದ. ಗದಿಗೆಪ್ಪ ಅವನಿಗೂ ಒಂದು ಸ್ಪ್ರಿಂಗು ಕೊಟ್ಟು ಕಳಿಸಿದ.

ಕೋಣೆಯಲ್ಲಿ ಮತ್ತೆ ಕೆಲಸ ಶುರುವಾಯಿತು. ಮಾತಿರಲಿಲ್ಲ. ಊಟಕ್ಕೆ ಕೂತಾಗಲೂ ಇಬ್ಬರೂ ಮಾತು ಕಡಿಮೆ ಮಾಡಿದ್ದರು. ಅವನಿಗೆ ಅದು ಕಷ್ಟವಾಯಿತು. ಆದರೂ ಬಾ ಎಂದು ಅವನು ಕರೆಯಲಿಲ್ಲ. ಕರೆಯುವ ಹಕ್ಕು ತನಗೆ ಉಳಿದಿದೆಯೆಂದು ಅವನಿಗೆ ಅನ್ನಿಸಲಿಲ್ಲ.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ನೀಲವ್ವ ಬಾಗಿಲಲ್ಲಿ ಬಂದು ನಿಂತಳು. ಅವನು ಉಳಿ ಹಿಂದೆ ತೆಗೆದ, ಯಂತ್ರ ನಿಲ್ಲಿಸಿದ, ಚಕ್ ಪೂರ್ತಿ ನಿಲ್ಲುವವರೆಗೆ ಕಾದ. ಆಮೇಲೆ ಅವಳ ಕಡೆ ತಿರುಗಿದ.

"ಎಲ್ಲಿ ಕುಂದರ್ಲಿ?" ಎಂದು ಅವಳು ಕೇಳಿದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಅವನಿಗೆ ಗೋಡೆಯ ಮೇಲೆ ಗುರುತಾದರೂ ಇತ್ತು ಗುರುಗಳೆ. ನನ್ನದರಲ್ಲಿ ಅದೂ ಇಲ್ಲವಲ್ಲ" ಎಂದ ಶಾಂತಲಿಂಗ.

ಗುರುಗಳು ಹೇಳಿದರು: "ನಿನ್ನೆ ಆ ಗ್ಯಾಸಿನೊಳಗೆ ಹೋದವರು ಯಾರೆಂದು ನೀನು ಇನ್ನೂ ಕೇಳಿಲ್ಲ."