ಮೊದಲಿಗನ ಬಾವಿ

ಕುರುಚಲಹಟ್ಟಿಯ ಪಡುವಣಕ್ಕೆ, ಕರಿಬಂಡೆಯ ಇಳಿಜಾರಿನ ಕೆಳಗೆ ಒಂದು ಬಾವಿಯಿದೆ. ಹನ್ನೆರಡು ಆಳು ಆಳ. ಅದು ಬತ್ತಿದ್ದನ್ನು ನಾನು ಕಂಡಿಲ್ಲ. ಮೊದಲಿಗನ ಬಾವಿ ಎನ್ನುತ್ತಾರೆ. ಯಾವುದೇ ಕೆಲಸಕ್ಕೆ ಕೈಹಾಕಿ ಶುರು ಮಾಡಿದವನು ಮೊದಲಿಗ. ಹೊಸ ಬೆಳೆ ತಂದವನು, ಶಾಲೆ ಕಟ್ಟಲು ಹೊರಟವನು, ಎಲ್ಲರೂ ಮೊದಲಿಗರೇ. ಬೇರೆ ಕಡೆ ಅದು ಹೊಗಳಿಕೆ. ನಮ್ಮ ಊರಿನಲ್ಲಿ ಬದುಕಿರುವ ಯಾರನ್ನೂ ಹಾಗೆ ಕರೆಯುವುದಿಲ್ಲ.

ಹಿಂದೆ ಒಮ್ಮೆ ಊರಿಗೆ ಹಳ್ಳದ ನೀರೇ ಗತಿಯಾಗಿತ್ತು. ಅದೂ ಕೆಟ್ಟು ಮಕ್ಕಳು ಸತ್ತ ವರ್ಷ ಬಾವಿ ತೋಡುವವರನ್ನು ಕರೆಸಿದರು. ಅವರಲ್ಲಿ ಒಂದು ಕಟ್ಟಳೆಯಿತ್ತು. ಮೊದಲ ಗುದ್ದಲಿ ಹಾಕಿದವನು ಮೊದಲಿಗ. ನೀರು ಸಿಗುವವರೆಗೆ ದಿನಾ ಬೆಳಿಗ್ಗೆ ಅವನೇ ಮೊದಲು ಇಳಿಯಬೇಕು. ಅವನು ಕೆಳಗಿನಿಂದ ಕೂಗಿದ ಮೇಲೆಯೇ ಉಳಿದವರು. ಅವನಿಗಿಂತ ಮುಂಚೆ ಯಾರ ಕಾಲೂ ಇಳಿಯಬಾರದು. ಊರ ಹಿರಿಯ ಹಾಲೇಗೌಡ ಆ ಮರ್ಯಾದೆ ತನಗೇ ಬೇಕೆಂದ. ತೋಡುವವರ ಮುಖ್ಯಸ್ಥ ಗುಂಡಜ್ಜ ಎಚ್ಚರಿಸಿದ: "ಗೌಡ್ರೆ, ಗುದ್ದಲಿ ಹಾಕಿದ ಮೇಲೆ ಬಿಡಂಗಿಲ್ಲ." ಗೌಡ ನಕ್ಕು ಗುದ್ದಲಿ ಹಾಕಿದ. ಎಂಟು ಆಳಿನವರೆಗೆ ದಿನವೂ ಇಳಿದ. ಅಲ್ಲಿ ಬಂಡೆ ಸಿಕ್ಕಿತು. ಕಾಸಿ ಸೀಳಲೆಂದು ಸಂಜೆ ಸೌದೆ ತುಂಬಿ ಬೆಂಕಿ ಹಾಕಿದರು.

ಬೆಳಿಗ್ಗೆ ಬಾವಿಯಿಂದ ಕಮಟು ವಾಸನೆ ಬರುತ್ತಿತ್ತು. ಗೌಡ ಬಗ್ಗಿ ನೋಡಿ ಹಿಂದೆ ಸರಿದ. ತನ್ನ ಮನೆಯ ಆಳು ಕಾಟಯ್ಯನನ್ನು ಕರೆದ. "ಮೈಗೆ ಹುಷಾರಿಲ್ಲ ಕಣ್ಲಾ. ನನ್ನ ರುಮಾಲು ಸುತ್ತಿಕೊಂಡು ನೀನು ಇಳಿ. ಮಣ್ಣಿಗೇನು ಕಣ್ಣೈತಾ?" ಕಾಟಯ್ಯ ರುಮಾಲು ಸುತ್ತಿಕೊಂಡ. "ರುಮಾಲು ಬಂತು. ಹೊಲ ಯಾವಾಗ ಬರ್ತೈತೆ ಗೌಡ್ರೆ?" ಎಂದ. ಎಲ್ಲರೂ ನಕ್ಕರು. ಗುಂಡಜ್ಜನೂ ನಕ್ಕ. ಕಾಟಯ್ಯ ಹಗ್ಗ ಹಿಡಿದು ಇಳಿದ. ಕೂಗು ಬರಲಿಲ್ಲ. ಹಗ್ಗ ಸಡಿಲವಾಯಿತು. ಕೆಳಗೆ ಒಮ್ಮೆ ನರಳಿದ ಸದ್ದಾಯಿತು.

ಹದಿನಾಲ್ಕು ಜನ ಗಂಡಸರು ಬಾವಿಯ ಸುತ್ತ ನಿಂತಿದ್ದರು. ಯಾರೂ ಇಳಿಯಲಿಲ್ಲ. ಮೊದಲಿಗ ಇನ್ನೂ ಮೇಲೆಯೇ ಇದ್ದನಲ್ಲ. ಕಾಟಯ್ಯನ ಹೆಂಡತಿ ದಾಸಕ್ಕ ಓಡಿ ಬಂದಳು. "ಶುರು ಮಾಡಿದೋರು ನೀವು. ಇಳೀರಿ ಗೌಡ್ರೆ" ಎಂದಳು. ಗೌಡ ಹಗ್ಗ ಮುಟ್ಟಲಿಲ್ಲ. ಅವಳು ಎರಡನೆಯ ಸಲ ಕೇಳಲಿಲ್ಲ. ತಾನೇ ಹಗ್ಗಕ್ಕೆ ಕೈಹಾಕಿದಳು. ಆಗ ಗುಂಡಜ್ಜ ಅವಳನ್ನು ತಡೆದು, "ಇವತ್ತು ಮೊದಲು ಇಳಿದೋನು ಕಾಟಯ್ಯ. ಅವನೇ ಮೊದಲಿಗ. ಇನ್ನು ನಾವು ಇಳೀಬಹುದು" ಎಂದ. ಬೇವಿನ ಸೊಪ್ಪಿನ ಹೊರೆಯನ್ನು ಹಗ್ಗದಲ್ಲಿ ಇಳಿಸಿ, ಮೇಲಕ್ಕೆಳೆದು, ಒಳಗಿನ ಕೆಟ್ಟ ಗಾಳಿ ಹೊರಹಾಕಿ ಇಳಿದರು. ಕಾಟಯ್ಯ ಸತ್ತಿದ್ದ. ಅವನೇ ಮೊದಲಿಗ ಎಂಬ ಮಾತನ್ನು ತಾನು ಮೊದಲೇ ಆಡಬಹುದಿತ್ತೆಂದು ಗುಂಡಜ್ಜ ಸಾಯುವವರೆಗೂ ಹೇಳುತ್ತಿದ್ದ ಎನ್ನುತ್ತಾರೆ.

ಮುಂದೆ ನಾಲ್ಕು ಆಳು ತೋಡಿದಾಗ ನೀರು ಬಂತು. ದಾಸಕ್ಕ ಅಷ್ಟರಲ್ಲಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಿದ್ದಳು. ಎಲ್ಲಿಗೆ ಹೋದಳೋ ಗೊತ್ತಿಲ್ಲ. ಬಾವಿಯ ಮೂಡಣ ದಡದಲ್ಲಿ ಗೌಡ ನಿಲ್ಲಿಸಿದ ಕಲ್ಲು ಈಗಲೂ ಇದೆ. ಗುದ್ದಲಿ ಹಿಡಿದ ಗೌಡನನ್ನು ಅದರಲ್ಲಿ ಕೆತ್ತಿದ್ದಾರೆ. ನೋಡಲು ಬಂದವರು ಆ ಕಲ್ಲಿಗೆ ಕೈಮುಗಿಯುತ್ತಾರೆ. ನಮ್ಮೂರಿನವರು ಅದಕ್ಕೆ ಬೆನ್ನು ಮಾಡಿ, ಬಾವಿಯೊಳಗೆ ಬಗ್ಗಿ ಕೈಮುಗಿಯುತ್ತಾರೆ.